ಬಿಟ್ಟವರ ಕಾಲಂ

ಬೆಳಿಗ್ಗೆ ಎಂಟಕ್ಕೆ ಹತ್ತು ನಿಮಿಷವಿರುವಾಗ ನನ್ನ ಸ್ಟೋರಿನ ಕಿಟಕಿಗೆ ಒಂದು ಕೈ ಬರುತ್ತಿತ್ತು. ಬೆರಳ ಸಂದಿಗಳೆಲ್ಲ ಬಿರಿದ ಕೈ. ಉಗುರಿನ ಸುತ್ತ ಚರ್ಮ ಬೆಳ್ಳಗೆ ಸುಲಿದಿರುತ್ತಿತ್ತು. ಎಷ್ಟು ತೊಳೆದರೂ ಹೋಗದ ಫಿನಾಯಿಲ್ ವಾಸನೆ ಬೇರೆ. ಆ ಕೈ ಒಂದು ಹಿತ್ತಾಳೆ ಬಿಲ್ಲೆಯನ್ನು ಕಟ್ಟೆಯ ಮೇಲೆ ಟಕ್ ಎಂದು ಇಡುತ್ತಿತ್ತು.

"ಸುತ್ತಿಗೆ ಕೊಡಿ ಸ್ಟೋರಣ್ಣ, ಬೇಗ. ಒಳ್ಳೇ ಟೇಬಲ್ಲು ಬೇರೆಯವ್ರು ಹಿಡ್ಕೊಂಡ್ಬಿಡ್ತಾರೆ."

"ಎಂಟಕ್ಕೆ ಕಣಮ್ಮ ಸ್ಟೋರ್ ತೆಗ್ಯೋದು."

"ನೀವು ತೆಗ್ದೇ ಕೂತಿದ್ದೀರಲ್ಲ!"

ಅವಳು ಹದಿನೇಳು. ಹೆಸರಿರಲಿಲ್ಲ ಅಂತಲ್ಲ. ನಮ್ಮ ತರಬೇತಿ ಕೇಂದ್ರದ ವೆಲ್ಡಿಂಗ್ ವಿಭಾಗದಲ್ಲಿ ಮೇಷ್ಟ್ರು ಯಾರನ್ನೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ, ಬಿಲ್ಲೆಯ ಮೇಲೆ ಕೊರೆದ ನಂಬರಿನಿಂದಲೇ ಕರೆಯುತ್ತಿದ್ದರು. ಬಿಲ್ಲೆಯ ಪದ್ಧತಿ ಬಹಳ ಸರಳ. ಸೇರಿದ ದಿನ ಪ್ರತಿಯೊಬ್ಬರಿಗೂ ಒಂದು ಬಿಲ್ಲೆ. ಬೆಸುಗೆಯ ಮೇಲಿನ ಕಿಟ್ಟ ಉದುರಿಸುವ ಸುತ್ತಿಗೆ ಬೇಕೆಂದರೆ ಬಿಲ್ಲೆ ಕೊಡಬೇಕು. ನಾನು ಸುತ್ತಿಗೆ ತೆಗೆದುಕೊಟ್ಟು, ಅದು ತೂಗುತ್ತಿದ್ದ ಮೊಳೆಗೆ ಬಿಲ್ಲೆ ಹಾಕುತ್ತೇನೆ. ಸುತ್ತಿಗೆ ವಾಪಸು ಬಂದರೆ ಬಿಲ್ಲೆ ವಾಪಸು. ಇಪ್ಪತ್ತಾರು ವರ್ಷದಿಂದ ನಾನು ಮಾಡುತ್ತಿರುವ ವಿದ್ಯೆ ಇಷ್ಟೇ. ಗೋಡೆ ನೋಡಿದರೆ ಯಾರು ಒಳಗಿದ್ದಾರೆ, ಯಾರು ಬಂದಿಲ್ಲ ಎಂದು ಹೇಳಬಲ್ಲೆ. ಹಾಜರಿ ಪುಸ್ತಕ ಸುಳ್ಳು ಹೇಳಬಹುದು, ನನ್ನ ಗೋಡೆ ಹೇಳುವುದಿಲ್ಲ.

ಹದಿನೇಳು ನಸುಕಿನ ಮೂರಕ್ಕೆ ಎದ್ದು ಒಂದು ದೊಡ್ಡ ಆಫೀಸು ಕಟ್ಟಡದ ಕಕ್ಕಸು ತೊಳೆಯುವ ಕೆಲಸಕ್ಕೆ ಹೋಗುತ್ತಿದ್ದಳು. ಮೂರು ಗಂಟೆ ಕೆಲಸ, ಆರು ಮಹಡಿ. ಏಳಕ್ಕೆ ಬಿಟ್ಟರೆ ಎರಡು ಬಸ್ಸು ಬದಲಾಯಿಸಿ ನಮ್ಮಲ್ಲಿಗೆ. ಮನೆಯಲ್ಲಿ ತಾಯಿ. ಒಂದೇ ಕೋಣೆಯ ಮನೆ, ಸಾಲು ಮನೆಗಳಲ್ಲಿ ಕೊನೆಯದು. ಗಂಡನಿದ್ದ, ಈಗಿಲ್ಲ. ಅವನು ಬಿಟ್ಟನೋ ಇವಳು ಬಿಟ್ಟಳೋ ನನಗೆ ಗೊತ್ತಿಲ್ಲ, ನಾನು ಕೇಳಲೂ ಇಲ್ಲ. ಅವಳ ಬೀದಿಯವರೂ ಕೇಳಲಿಲ್ಲ. ಕೇಳದೆಯೇ ತೀರ್ಮಾನ ಮಾಡಿ, ನಲ್ಲಿಯ ಹತ್ತಿರ ಒಂದು ಹೆಸರಿಟ್ಟಿದ್ದರು.

ಆದರೆ ಹುಡುಗಿಯ ಕೈ ಮಾತ್ರ ಕೈ. ಮೇಷ್ಟ್ರು ಹೊಗಳುವ ಜಾತಿಯಲ್ಲ. ಅವರ ಬಾಯಿಂದ 'ಪರವಾಗಿಲ್ಲ' ಅನ್ನಿಸಿಕೊಂಡವರು ಮನೆಗೆ ಹೋಗಿ ಹೇಳಿಕೊಳ್ಳುತ್ತಿದ್ದರು. ಅಂಥ ಮೇಷ್ಟ್ರು ಒಂದು ದಿನ ಅವಳು ಬೆಸೆದ ತಗಡು ಹಿಡಿದುಕೊಂಡು ನನ್ನ ಕಿಟಕಿಗೆ ಬಂದರು.

"ನೋಡಯ್ಯ ಇದನ್ನ. ಮಿಶಿನ್ನಲ್ಲಿ ಹೊಲಿದ ಹಾಗಿದೆ. ಈ ಪುಣ್ಯಾತ್ಗಿತ್ತಿ ಕಕ್ಕಸು ತೊಳೀತಾ ಇದ್ದಾಳೆ."

ತಗಡನ್ನು ಮಟ್ಟಸವಾಗಿಟ್ಟು ಬೆಸೆಯುವುದು ಬಂದಿತ್ತು. ನಿಲ್ಲಿಸಿ ಬೆಸೆಯುವುದೂ ಬಂದಿತ್ತು. ಉಳಿದಿದ್ದು ತಲೆ ಮೇಲಿನ ಬೆಸುಗೆ. ಪೈಪು ಮೇಲಿರುತ್ತದೆ, ನಾವು ಕೆಳಗೆ ನಿಂತು ಕತ್ತು ಮೇಲಕ್ಕೆತ್ತಿ ಬೆಸೆಯಬೇಕು. ಕರಗಿದ ಲೋಹ ಮೈಮೇಲೆ ಬೀಳದೆ ಮೇಲೇ ನಿಲ್ಲಬೇಕು. ಅದು ಬಂದರೇ ಪರೀಕ್ಷೆ ಪಾಸು, ಪಾಸಾದರೇ ಸರ್ಟಿಫಿಕೇಟು. ಪೈಪು ಕಾರ್ಖಾನೆಯ ಯಜಮಾನನೊಬ್ಬ ಮೇಷ್ಟ್ರಿಗೆ ಹೇಳಿದ್ದ: "ಸರ್ಟಿಫಿಕೇಟ್ ಬಂದ ಮಾರನೇ ದಿನ ಆ ಹೆಣ್ಮಗಳನ್ನ ನನ್ನತ್ರ ಕಳ್ಸಿ."

"ಇನ್ನು ನಾಲ್ಕು ತಿಂಗ್ಳು ಸ್ಟೋರಣ್ಣ," ಎನ್ನುತ್ತಿದ್ದಳು ಹದಿನೇಳು. "ನಾಲ್ಕೇ. ಆಮೇಲೆ ಆ ಬಕೆಟ್ ಒದ್ದು ಬರ್ತೀನಿ ನೋಡಿ. ಆ ಸೂಪರ್‌ವೈಸರ್ ಮುಖಕ್ಕೇ ಬೀಳೋ ಹಾಗೆ ಒದೀತೀನಿ."

"ಬಕೆಟ್ ತುಂಬಿರ್ಲಿ ಹಾಗಾದ್ರೆ," ಎನ್ನುತ್ತಿದ್ದೆ ನಾನು.

ಆ ನಾಲ್ಕು ತಿಂಗಳು ಬರಲಿಲ್ಲ. ಒಂದು ಮಂಗಳವಾರ ಹನ್ನೊಂದು ಗಂಟೆಗೆ ಅವಳ ಪಕ್ಕದ ಮನೆಯಾಕೆ ಫೋನು ಮಾಡಿದಳು. ತಾಯಿ ನೀರು ಹೊರುವಾಗ ಜಾರಿಬಿದ್ದು ಸೊಂಟದ ಮೂಳೆ ಮುರಿದಿತ್ತು. ಹುಡುಗಿ ಕಣ್ಣು ಮುಖ ಕಾಯುವ ಶೀಲ್ಡನ್ನು ಹಣೆಯ ಮೇಲೆ ಎತ್ತಿಕೊಂಡೇ ಓಡಿದಳು, ಗೇಟಿನ ಹತ್ತಿರ ನೆನಪಾಗಿ ಅದನ್ನು ಕಾವಲಿನವನ ಕೈಗೆ ಕೊಟ್ಟು ಹೋದಳು. ಸುತ್ತಿಗೆ ಟೇಬಲ್ಲಿನ ಮೇಲೇ ಉಳಿದಿತ್ತು. ಮಧ್ಯಾಹ್ನ ಮೇಷ್ಟ್ರು ಅದನ್ನು ತಂದುಕೊಟ್ಟರು. ನಾನು ಬೇರೆ ಮೊಳೆಗೆ ತೂಗುಹಾಕಿದೆ. ಹದಿನೇಳನೇ ಬಿಲ್ಲೆ ಇದ್ದ ಮೊಳೆಯಲ್ಲೇ ಇತ್ತು. ನಾಳೆ ಬಂದು ತೆಗೆದುಕೊಳ್ಳುತ್ತಾಳೆ ಎಂದುಕೊಂಡೆ.

ಹದಿನೈದು ದಿನ ಬರಲಿಲ್ಲ.

ನಮ್ಮಲ್ಲಿ ಒಂದು ನಿಯಮವಿದೆ. ಹದಿನೈದು ದಿನ ಬಾರದಿದ್ದವರ ಮನೆಗೆ ಹೋಗಿ, ಕಾರಣ ವಿಚಾರಿಸಿ, ಒಂದು ಫಾರಂ ತುಂಬಿ ತರಬೇಕು. ಅದು ಮೇಷ್ಟ್ರುಗಳ ಕೆಲಸ. ಆದರೆ ಆ ಕಡೆಯ ಬಸ್ಸಿಗೆ ಹೋಗುವವನು ನಾನೊಬ್ಬನೇ ಎಂದು ಪ್ರಿನ್ಸಿಪಾಲರು ಫಾರಂ ನನ್ನ ಕೈಗೆ ತುರುಕಿದರು.

"ಎರಡೇ ಕಾಲಂ ಇದೆ, ತಲೆ ಓಡ್ಸೋದು ಏನೂ ಇಲ್ಲ. ಬಿಟ್ಟಿದ್ದಾಳೋ, ಕೆಲಸಕ್ಕೆ ಸೇರಿದ್ದಾಳೋ. ಒಂದು ಬರ್ಕೊಂಡು ಸಹಿ ಹಾಕ್ಕೊಂಡು ಬಾ."

ಅವಳ ಕೋಣೆಗೆ ಹೋದಾಗ ಮಧ್ಯಾಹ್ನ ಮೂರು ದಾಟಿತ್ತು. ಬಾಗಿಲಿಗೆ ಅಡ್ಡವಾಗಿ ಮಂಚ. ಬೇರೆ ಕಡೆ ಜಾಗವಿಲ್ಲ. ಒಳಗೆ ಹೋಗುವವರು ತಾಯಿಯ ಕಾಲು ದಾಟಿಯೇ ಹೋಗಬೇಕು. ಮಂಚದ ಕೆಳಗೆ ಒಂದು ಬೋಗುಣಿ, ಮೇಲೆ ಒಗೆದ ಬಟ್ಟೆ ಒಣಗಲು ಕಟ್ಟಿದ ದಾರ. ಹದಿನೇಳು ಆಗಷ್ಟೇ ಕೆಲಸದಿಂದ ಬಂದು ಗೋಡೆಗೆ ಒರಗಿ ಕೂತಿದ್ದಳು. ನನ್ನನ್ನು ನೋಡಿ ಎದ್ದಳು, ಎದ್ದವಳಿಗೆ ನನ್ನನ್ನು ಎಲ್ಲಿ ಕೂರಿಸಬೇಕೋ ತಿಳಿಯಲಿಲ್ಲ.

"ಬಕೆಟ್ ಒದ್ದಿಲ್ವಾ?" ಎಂದೆ, ನಗಿಸೋಣವೆಂದು.

"ಅದೇ ನನ್ನ ಒದ್ದಿದೆ ಸ್ಟೋರಣ್ಣ," ಎಂದಳು. "ಮೂರು ಗಂಟೆ ಕೆಲಸ ಇನ್ಮೇಲಿಲ್ಲ, ಆರರಿಂದ ಎರಡರ ತನಕ ಪೂರ್ತಿ ಪಾಳಿ ಬಂದ್ರೆ ಬಾ, ಇಲ್ದಿದ್ರೆ ಬೇರೆಯವಳು ಬರ್ತಾಳೆ ಅಂದ್ರು. ಇವಳು ಬಿದ್ದ ವಾರಾನೇ. ಔಷಧಿ ಬೇಕು, ಮಗ್ಗುಲು ತಿರುಗ್ಸೋಕೆ ಒಬ್ರು ಬೇಕು. ಏನ್ಮಾಡ್ಲಿ ಹೇಳಿ."

"ಮಧ್ಯಾಹ್ನದ ಬ್ಯಾಚು..."

"ಕೇಳ್ದೆ. ಪ್ರಿನ್ಸಿಪಾಲರಿಗೆ ಫೋನ್ ಮಾಡಿ ಕೇಳ್ದೆ. ಮಧ್ಯಾಹ್ನದ ಬ್ಯಾಚು ಕಾಗದದಲ್ಲಿ ಮಾತ್ರ ಇದೆಯಂತೆ."

ಮಂಚದಿಂದ ತಾಯಿ ಹೇಳಿದಳು: "ನನ್ನಿಂದ ಆಯ್ತಪ್ಪ ಇದು. ನಾನು ಬೀಳ್ದೇ ಇದ್ದಿದ್ರೆ..."

"ನೀನು ಸುಮ್ನಿರಮ್ಮ. ಬೇಕು ಅಂತ ಬಿದ್ಯಾ ನೀನು?"

ನಾನು ಫಾರಂ ತೆಗೆದೆ, ಪೆನ್ನು ತೆಗೆದೆ. ಅವಳಿಗೆ ಕೇಳಿಸಲೆಂದೇ ಗಟ್ಟಿಯಾಗಿ ಹೇಳಿಕೊಂಡು ಬರೆಯತೊಡಗಿದೆ. "ನಂಬರ್ ಹದಿನೇಳು. ಕೋರ್ಸು... ಬಿಟ್ಟಿದ್ದಾಳೆ."

"ಬೇಡ."

"ಏನು ಬೇಡ?"

"ಆ ಮಾತು ಬೇಡ." ಅವಳು ಬಾಗಿಲ ಕಡೆ ನೋಡಿದಳು. ಹೊರಗೆ ಯಾರೋ ಬಟ್ಟೆ ಹಿಂಡುತ್ತಿದ್ದರು. ಅವಳ ದನಿ ಇಳಿಯಿತು. "ಇಡೀ ಬೀದೀಲಿ ನನಗೆ ಅದೇ ಹೆಸರು. ನಲ್ಲಿ ಹತ್ರ ಹೋದ್ರೆ, ಬಿಟ್ಟೋಳು ಬಂದ್ಲು. ಅಂಗಡಿಗೆ ಹೋದ್ರೆ, ಆ ಬಿಟ್ಟೋಳಿಗೆ ಏನ್ ಬೇಕಂತೆ ಕೇಳು. ಈಗ ಸರ್ಕಾರಿ ಕಾಗದದಲ್ಲೂ ಬಿಟ್ಟೋಳು ಅಂತಾನೇ ಬರೀತೀರಾ? ಒಂದ್ಸಲ ಅನ್ನಿಸ್ಕೊಂಡು ಸಾಕಾಗಿದೆ ಸ್ಟೋರಣ್ಣ. ನಾನೇನೂ ಬಿಟ್ಟಿಲ್ಲ, ನಿಲ್ಸಿದ್ದೀನಿ ಅಷ್ಟೇ. ಅಮ್ಮ ಎದ್ದ ಮೇಲೆ ಬರ್ತೀನಿ."

"ನಿಲ್ಸಿದ್ದಾಳೆ ಅನ್ನೋದಕ್ಕೆ ಕಾಲಂ ಇಲ್ಲ ಕಣಮ್ಮ."

"ಇನ್ನೊಂದರಲ್ಲಿ ಏನಿದೆ?"

"ಕೆಲಸಕ್ಕೆ ಸೇರಿದ್ದಾಳೆ ಅಂತ."

"ಅದು ಸುಳ್ಳಲ್ವಲ್ಲ?"

ಅಲ್ಲ. ಪೂರ್ತಿ ಪಾಳಿಗೆ ಸೇರಿದ್ದಳಲ್ಲ, ಸುಳ್ಳಾಗಿರಲಿಲ್ಲ. ಬರೆದ ಮಾತನ್ನು ಕಾಟು ಹೊಡೆದು, 'ಕೆಲಸಕ್ಕೆ ಸೇರಿದ್ದಾಳೆ' ಎಂದು ದುಂಡಗೆ ಬರೆದು ಸಹಿ ಹಾಕಿದೆ. ಒಂದು ಹೆಣ್ಣುಮಗಳ ಮಾನ ಉಳಿಸಿದೆ ಎಂಬ ಹೆಮ್ಮೆಯಲ್ಲಿ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ನನ್ನ ಬೆನ್ನು ನಾನೇ ತಟ್ಟಿಕೊಂಡೆ. ನನ್ನಂಥ ಪೆದ್ದ ಇನ್ನೊಬ್ಬನಿಲ್ಲ.

ಕೋರ್ಸು ಮುಗಿಯುವಾಗ ಇಪ್ಪತ್ತರಲ್ಲಿ ಉಳಿದವರು ಎಂಟೇ ಜನ. ಹನ್ನೆರಡು ಜನ ಹೋದರು. ನನ್ನ ಗೋಡೆ ಹೇಳುತ್ತಿತ್ತು ಹನ್ನೆರಡು ಎಂದು. ಆದರೆ ಮೇಲಿನ ಆಫೀಸಿಗೆ ಹೋದ ಪಟ್ಟಿಯಲ್ಲಿ ಬಿಟ್ಟವರು ನಾಲ್ಕೇ ಜನ. ಮಿಕ್ಕ ಎಂಟು ಜನ 'ಮುಂದುವರಿದವರು'. ಕೆಲಸಕ್ಕೆ ಹೋದರೆ ಮುಂದುವರಿದ ಹಾಗೆ. ಏನು ಕೆಲಸ ಎಂದು ಕೇಳುವ ಕಾಲಂ ಇರಲಿಲ್ಲ. ಕಾರಿಡಾರಿನಲ್ಲಿ ಒಂದು ದೊಡ್ಡ ಬೋರ್ಡು ಬಂತು, ಅದರಲ್ಲಿ ಎಂಟು ಫೋಟೋ. ಬಸ್‌ಸ್ಟ್ಯಾಂಡಿನಲ್ಲಿ ಬಾಚಣಿಗೆ ಮಾರುವವನ ಕೆಳಗೆ 'ಸ್ವಯಂ ಉದ್ಯಮಿ' ಎಂದಿತ್ತು. ಭಾವನ ಮನೆಯಲ್ಲಿ ಊಟ ಮಾಡಿ ಮಲಗುವವನ ಕೆಳಗೆ 'ಕುಟುಂಬದ ವ್ಯವಹಾರ'. ಹದಿನೇಳು ಶೀಲ್ಡನ್ನು ಹಣೆಯ ಮೇಲೆತ್ತಿ ನಗುತ್ತಿದ್ದಳು. ಅವಳ ಕೆಳಗೆ 'ಸ್ವಚ್ಛತಾ ಕ್ಷೇತ್ರದಲ್ಲಿ ಉದ್ಯೋಗಿ'.

ಬೋರ್ಡು ನೋಡಿ ಮೇಷ್ಟ್ರೂ ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆ ನಗು ಈಗ ನೆನಪಾದರೆ ನಾಚಿಕೆಯಾಗುತ್ತದೆ.

ಮುಂದಿನ ಬ್ಯಾಚಿಗೆ ಹದಿನೈದೇ ಜನ ಸೇರಿದರು. ಹದಿನೇಳನೇ ಬಿಲ್ಲೆ ಯಾರಿಗೂ ಬೇಕಾಗಲಿಲ್ಲ. ಅದು ಮೊಳೆಯಲ್ಲೇ ಇತ್ತು. ಧೂಳು ಒರೆಸುವಾಗ ಅದನ್ನೂ ಒರೆಸುತ್ತಿದ್ದೆ.

ಒಂದು ವರ್ಷವಾಯಿತು. ಒಂದು ಸೋಮವಾರ ಎಂಟಕ್ಕೆ ಹತ್ತು ನಿಮಿಷವಿರುವಾಗ ಕಿಟಕಿಯಲ್ಲಿ ಆ ಕೈ ಕಾಣಿಸಿತು. ಇನ್ನಷ್ಟು ಬಿರಿದಿತ್ತು.

"ಸುತ್ತಿಗೆ ಕೊಡಿ ಸ್ಟೋರಣ್ಣ."

ಅವಳು ತಲೆಯನ್ನು ಕಿಟಕಿಯೊಳಗೆ ತೂರಿಸಿ ಗೋಡೆ ನೋಡಿದಳು. "ಅಯ್ಯೋ, ನನ್ನ ಬಿಲ್ಲೆ ಇನ್ನೂ ಅಲ್ಲೇ ಇದೆ!"

"ನಿಂದಲ್ವಾ, ಇನ್ನೆಲ್ಲಿ ಹೋಗುತ್ತೆ? ಅಮ್ಮ ಹೇಗಿದ್ದಾರೆ?"

"ಗೋಡೆ ಹಿಡ್ಕೊಂಡು ಓಡಾಡ್ತಾಳೆ. ಬೇರೆ ಕಟ್ಟಡದಲ್ಲಿ ಮೂರು ಗಂಟೆ ಕೆಲಸಾನೂ ಸಿಕ್ತು. ಎಲ್ಲಾ ಸರಿ ಮಾಡ್ಕೊಂಡೇ ಬಂದಿದ್ದೀನಿ. ಆ ಪೈಪ್ ಯಜಮಾನ್ರನ್ನೂ ನೋಡ್ಕೊಂಡು ಬಂದೆ. ಈಗ್ಲೂ ಸರ್ಟಿಫಿಕೇಟ್ ತಗೊಂಡು ಬಾ ಅಂತಾರೆ. ನಾಲ್ಕೇ ತಿಂಗ್ಳಲ್ವಾ ಸ್ಟೋರಣ್ಣ, ಕಣ್ಮುಚ್ಚಿ ಕಣ್ಬಿಡೋದ್ರಲ್ಲಿ ಮುಗ್ದೋಗುತ್ತೆ."

ಮೊದಲು ಹೆಸರು ನೋಂದಾಯಿಸಬೇಕಲ್ಲ. ಆಫೀಸಿಗೆ ನಾನೇ ಕರೆದುಕೊಂಡು ಹೋದೆ. ಕಂಪ್ಯೂಟರಮ್ಮ ಎಂದು ನಾವೆಲ್ಲ ಕರೆಯುವ ಗುಮಾಸ್ತೆ ಅವಳ ಗುರುತಿನ ಚೀಟಿ ನೋಡಿ ನಂಬರು ಒತ್ತಿದಳು. ಒಂದು ಸಲ ಒತ್ತಿದಳು, ಇನ್ನೊಂದು ಸಲ ಒತ್ತಿದಳು.

"ತಗೊಳ್ತಿಲ್ಲ."

"ಯಾಕಮ್ಮ?"

"ನೀವು ಮುಂದುವರಿದಿದ್ದೀರಿ."

"ಎಲ್ಲಿಗೆ?" ಎಂದಳು ಹದಿನೇಳು.

ತಮಾಷೆಗೆ ಕೇಳಿದ್ದಲ್ಲ. ನಿಜವಾಗಿಯೇ ಕೇಳಿದ್ದಳು. ಕಂಪ್ಯೂಟರಮ್ಮ ಪಾಪ ಒಳ್ಳೆಯವಳು, ಪರದೆಯನ್ನು ನಮ್ಮ ಕಡೆ ತಿರುಗಿಸಿ ತೋರಿಸಿದಳು. ಅವಳ ಹೆಸರಿನ ಮುಂದೆ ಹಸಿರು ಗುರುತಿತ್ತು. ಕೋರ್ಸು ಬಿಟ್ಟವರು ಎರಡು ವರ್ಷದೊಳಗೆ ವಾಪಸು ಬಂದು, ಬಿಟ್ಟಲ್ಲಿಂದ ಮುಂದುವರಿಸಬಹುದು. ಅವರಿಗೆ ಕೆಂಪು ಗುರುತು. ಹಸಿರು ಗುರುತಿನವರು ಬರುವ ಹಾಗಿಲ್ಲ. ಅವರು ಗುರಿ ಮುಟ್ಟಿದ್ದಾರೆ. ಒಬ್ಬರಿಗೆ ಒಂದೇ ಸಲ ಸೀಟು. ಇಲ್ಲಿ ಮಾತ್ರವಲ್ಲ, ಇನ್ನಾವ ಕೇಂದ್ರಕ್ಕೆ ಹೋದರೂ ಅಷ್ಟೇ.

"ಆ ಹಸಿರನ್ನ ಕೆಂಪು ಮಾಡ್ಬಿಡಿ ಅಕ್ಕ," ಎಂದಳು ಹದಿನೇಳು.

"ನನ್ನ ಕೈಲಿಲ್ಲಮ್ಮ. ಪ್ರಿನ್ಸಿಪಾಲರನ್ನ ಕೇಳಿ."

ಪ್ರಿನ್ಸಿಪಾಲರು ಕೂರಲು ಹೇಳಿದರು, ನೀರು ತರಿಸಿಕೊಟ್ಟರು. ಮಾತು ಬೆಣ್ಣೆಯಂತಿತ್ತು.

"ನಿನ್ನ ಕಷ್ಟ ನನಗೆ ಅರ್ಥ ಆಗುತ್ತಮ್ಮ. ಆದ್ರೆ ಆ ವರ್ಷದ ಲೆಕ್ಕ ಕಳ್ಸಾಗಿದೆ. ಬಿಟ್ಟವರು ನಾಲ್ಕು ಜನ. ನಾಲ್ಕರ ತನಕ ಮಾಫಿ ಇದೆ. ನಿನ್ನನ್ನೂ ಬಿಟ್ಟವಳು ಅಂತ ತಿದ್ದಿದ್ರೆ ಐದಾಗುತ್ತೆ. ಐದಾದ್ರೆ ವೆಲ್ಡಿಂಗ್ ವಿಭಾಗಾನೇ ಮುಚ್ತಾರೆ. ಈಗ ಕಲೀತಿರೋ ಹದಿನೈದು ಜನ ಬೀದಿಗೆ ಬೀಳ್ತಾರೆ. ನೀನೇ ಹೇಳು, ಏನ್ಮಾಡ್ಲಿ?"

ಅವಳು ಏನು ಹೇಳಬೇಕು? ಹದಿನೈದು ಜನರನ್ನು ಬೀದಿಗೆ ತಳ್ಳಿ ಎಂದು ಹೇಳುವ ಹೆಣ್ಣಲ್ಲ ಅವಳು. ಅದು ಅವರಿಗೂ ಗೊತ್ತಿತ್ತು.

"ಆದ್ರೆ ಸಾರ್, ನಾನು ಮುಂದುವರಿದಿಲ್ವಲ್ಲ," ಎಂದಳು. "ಕಕ್ಕಸು ತೊಳೀತಿದ್ದೆ, ಈಗ್ಲೂ ತೊಳೀತಿದ್ದೀನಿ."

ಪ್ರಿನ್ಸಿಪಾಲರು ಒಂದು ಫೈಲು ತೆಗೆದು ಹಾಳೆ ತಿರುವಿದರು. ಕಾಟು ಹೊಡೆದ ಒಂದು ಮಾತು, ಅದರ ಪಕ್ಕದಲ್ಲಿ ನನ್ನ ದುಂಡನೆಯ ಅಕ್ಷರ.

"ಇದು ಯಾರ ಸಹಿ?" ಎಂದು ಕೇಳಿದ್ದು ನನ್ನನ್ನು.

"ನಂದೇ ಸಾರ್. ಆದ್ರೆ ಅವತ್ತು..."

"ಮನೆಗೆ ಹೋಗಿ ಕಣ್ಣಾರೆ ನೋಡಿ ಬರೆದಿದ್ದೀಯ. ಈಗ ಸುಳ್ಳು ಅಂದ್ರೆ ಸುಳ್ಳು ವರದಿ ಕೊಟ್ಟ ಹಾಗಾಯ್ತು. ರಿಟೈರ್ ಆಗೋಕೆ ಎಷ್ಟಿದೆ ನಿಂಗೆ?"

"ಎರಡು ವರ್ಷ ಸಾರ್."

"ಅಷ್ಟೇ ಮತ್ತೆ," ಎಂದು ಫೈಲು ಮುಚ್ಚಿದರು.

ನಾನು ಬಾಯಿ ಮುಚ್ಚಿಕೊಂಡೆ. ಹೊರಗೆ ಕಾರಿಡಾರಿಗೆ ಬಂದ ಮೇಲೆ ನಾನು ಅವಳ ಮುಖ ನೋಡಲಿಲ್ಲ. ಅವಳೇ ಅಂದಳು: "ನೀವೇನ್ಮಾಡ್ತೀರಿ ಬಿಡಿ. ಬೇಡ ಅಂತ ಹೇಳಿದ್ದು ನಾನೇ ಅಲ್ವಾ?"

ಬೈದಿದ್ದರೆ ಚೆನ್ನಾಗಿತ್ತು.

ಮೇಷ್ಟ್ರಿಗೆ ವಿಷಯ ತಿಳಿದು ಪಿತ್ತ ನೆತ್ತಿಗೇರಿತು. "ಪಟ್ಟಿಗೆ ಬೆಂಕಿ ಬೀಳ. ಹದಿನೇಳು, ನಾಳೆ ಊಟದ ಬಿಡುವಿಗೆ ಬಾ. ನಾನು ಹೇಳ್ಕೊಡ್ತೀನಿ. ವಿದ್ಯೆ ಬರ್ಲಿ ಮೊದ್ಲು, ಸರ್ಟಿಫಿಕೇಟು ಆಮೇಲೆ ಗುದ್ದಾಡೋಣ."

ಮೂರು ದಿನ ಬಂದಳು. ಎಲ್ಲರೂ ಊಟಕ್ಕೆ ಹೋದ ಮೇಲೆ ಮೂಲೆಯ ಟೇಬಲ್ಲಿನ ಮೇಲೆ ಎತ್ತರದ ಕಂಬಿಗೆ ಪೈಪು ಕಟ್ಟಿ, ಕೆಳಗೆ ನಿಂತು ಕತ್ತೆತ್ತಿ ಬೆಸೆದಳು. ಮೊದಲ ದಿನ ಬೆಸುಗೆಯೆಲ್ಲ ಹನಿಹನಿಯಾಗಿ ಕೆಳಗೆ ಸುರಿಯಿತು. ಒಂದು ಹನಿ ಕತ್ತುಪಟ್ಟಿಯೊಳಗೆ ಇಳಿದು ಬೊಬ್ಬೆ ಎದ್ದಿತು. ಎರಡನೇ ದಿನ ಅರ್ಧ ನಿಂತಿತು. ಮೂರನೇ ದಿನ ನಾನು ಕಿಟಕಿಯಿಂದ ನೋಡುತ್ತಿದ್ದೆ. ಅವಳು ರಾಡು ತೆಗೆದು, ಸುತ್ತಿಗೆಯಿಂದ ಮೇಲಿನ ಕಿಟ್ಟ ತಟ್ಟಿದಳು. ಕಿಟ್ಟ ಉದುರಿತು. ಅದರಡಿಯ ಬೆಸುಗೆ ಪೈಪಿನ ಸುತ್ತ ಒಂದೇ ಸಮ ಹೊಳೆಯುತ್ತಿತ್ತು. ಒಂದು ಬೆರಳಗಲ ಕೂಡ ಬಿದ್ದಿರಲಿಲ್ಲ.

"ನಿಂತಿದೆ ಮೇಷ್ಟ್ರೇ!" ಎಂದು ಕೂಗಿದಳು. "ಸ್ಟೋರಣ್ಣ, ನಿಂತಿದೆ!"

ಅವಳ ಕೂಗಿಗೇ ಪ್ರಿನ್ಸಿಪಾಲರು ಬಂದರು. ಪಟ್ಟಿಯಲ್ಲಿ ಇಲ್ಲದವರಿಗೆ ಇನ್ಶೂರೆನ್ಸ್ ಇಲ್ಲ, ಕಣ್ಣು ಹೋದರೆ ಯಾರು ಹೊಣೆ ಎಂದು ಮೇಷ್ಟ್ರನ್ನು ಅವಳ ಎದುರಿಗೇ ಬೈದರು. ಕರೆಂಟು ತೆಗೆಸಿದರು. ಆಮೇಲೆ ಅವಳನ್ನು ಪಕ್ಕಕ್ಕೆ ಕರೆದರು, ದನಿ ಮತ್ತೆ ಬೆಣ್ಣೆಯಾಯಿತು.

"ಶನಿವಾರ ಮೇಲಿನ ಆಫೀಸಿಂದ ದೊಡ್ಡ ಸಾಹೇಬರು ಬರ್ತಾರೆ. ಮುಂದುವರಿದವರು ಯಾರಾದ್ರೂ ಎರಡು ಮಾತಾಡ್ಬೇಕು. ಉಳಿದವರು ಯಾರೂ ಫೋನೇ ಎತ್ತುತ್ತಿಲ್ಲ. ನೀನು ಬಂದು ಮಾತಾಡು. ನಿನ್ನ ವಿಷಯ ಅವರ ಕಿವಿಗೆ ಹಾಕ್ತೀನಿ. ನೋಡೋಣ, ಏನಾದ್ರೂ ಆಗ್ಬಹುದು."

'ನೋಡೋಣ' ಎಂಬ ಒಂದು ಮಾತನ್ನು ನಂಬಿಕೊಂಡು ಅವಳು ಆ ಬೆಳಗಿನ ಕೆಲಸದ ಕೂಲಿ ಬಿಟ್ಟು ಬಂದಳು.

ಶನಿವಾರ ವೆಲ್ಡಿಂಗ್ ಶೆಡ್ಡಿನ ಟೇಬಲ್ಲುಗಳನ್ನು ಗೋಡೆಗೆ ಸರಿಸಿ ಕುರ್ಚಿ ಹಾಕಿದ್ದರು. ಮುಂದುವರಿದವರ ಬೋರ್ಡನ್ನು ಹೊತ್ತುತಂದು ವೇದಿಕೆಯ ಹಿಂದೆ ನಿಲ್ಲಿಸಿದ್ದರು. ಅವಳು ಹಳೆಯ ಸಮವಸ್ತ್ರ ತೊಳೆದು ಹಾಕಿಕೊಂಡಿದ್ದಳು. ಕತ್ತಿನ ಬೊಬ್ಬೆ ಒಡೆದು ಕೆಂಪಗಿತ್ತು. ಕೈಯಲ್ಲಿ ಪ್ರಿನ್ಸಿಪಾಲರು ಬರೆದುಕೊಟ್ಟ ಚೀಟಿ. ನನ್ನ ಪಕ್ಕ ಹಾದುಹೋಗುವಾಗ ಪಿಸುಗುಟ್ಟಿದಳು: "ನಾನೇ ಹೇಳ್ಬಿಡ್ತೀನಿ ಸ್ಟೋರಣ್ಣ. ಇವರು ಕಿವಿಗೆ ಹಾಕೋದಿಲ್ಲ."

ದೊಡ್ಡ ಸಾಹೇಬರು ಕೆಟ್ಟವರ ಹಾಗೆ ಕಾಣಲಿಲ್ಲ. ನೆರೆತ ಕೂದಲು, ಸಣ್ಣ ದನಿ. ಮನೆಯಲ್ಲಿ ಮೊಮ್ಮಕ್ಕಳಿಗೆ ಕಥೆ ಹೇಳುವ ಅಜ್ಜನ ಹಾಗಿದ್ದರು. "ಹೇಳಮ್ಮ, ಹೆದರ್ಬೇಡ," ಎಂದರು.

ಅವಳು ಚೀಟಿಯನ್ನು ನಾಲ್ಕಾಗಿ ಮಡಚಿ ಮುಷ್ಟಿಯಲ್ಲಿಟ್ಟುಕೊಂಡಳು.

"ಸಾರ್, ಆ ಬೋರ್ಡಿನಲ್ಲಿರೋದು ತಪ್ಪು. ನಾನು ಮುಂದುವರಿದಿಲ್ಲ. ನಾನು ಬಿಟ್ಟೋಳು. ಬಿಟ್ಟೋಳು ಅಂತಾನೇ ಬರ್ಕೊಳ್ಳಿ ಸಾರ್."

ಪ್ರಿನ್ಸಿಪಾಲರ ಮುಖ ಸುಣ್ಣವಾಯಿತು. ಆ ಮಾತನ್ನು ತಪ್ಪಿಸಿಕೊಳ್ಳಲು ನನ್ನ ಪೆನ್ನನ್ನೇ ತಡೆದಿದ್ದವಳು, ಇವತ್ತು ಮೈಕಿನಲ್ಲಿ ಎಲ್ಲರೆದುರು ಅದನ್ನೇ ಬೇಡುತ್ತಿದ್ದಳು.

ಸಾಹೇಬರು ಕನ್ನಡಕ ತೆಗೆದರು. "ಛೆ," ಎಂದರು. "ಎಷ್ಟು ದಿನ ಆಯ್ತಮ್ಮ ಬಿಟ್ಟು?"

"ಒಂದು ವರ್ಷದ ಮೇಲಾಯ್ತು ಸಾರ್."

"ಮತ್ತೆ ಸೇರ್ಕೊಳ್ಳೋಕೆ ಪ್ರಯತ್ನ ಮಾಡ್ಲಿಲ್ವಾ?"

"ಮಾಡ್ದೆ ಸಾರ್! ಅದಕ್ಕೇ ಬಂದಿದ್ದೀನಿ. ಸೇರಿಸ್ಕೊಳ್ತಿಲ್ಲ."

"ಅಯ್ಯೋ. ದೊಡ್ಡವರು ಯಾರಾದ್ರೂ ಕೂತು ಮಾತಾಡಿದ್ರಾ?"

"ಇವರೇ ಸಾರ್, ಪ್ರಿನ್ಸಿಪಾಲರು. ಆಗಲ್ಲ ಅಂದ್ರು."

"ಪ್ರಿನ್ಸಿಪಾಲರು ಕೂಡ ಹೋಗಿ ಮಾತಾಡಿದ್ದಾರೆ ನೋಡಿ, ಎಂಥ ಕಾಳಜಿ," ಎಂದು ಸಾಹೇಬರು ಪಕ್ಕದವರಿಗೆ ಹೇಳಿದರು. ಆಮೇಲೆ ಅವಳ ಕಡೆ ತಿರುಗಿದರು. "ಮಕ್ಕಳಿದ್ದಾರಾ?"

"ಮಕ್ಕಳಾ?" ಅವಳು ತಬ್ಬಿಬ್ಬಾದಳು. "ಇಲ್ಲ ಸಾರ್."

"ಒಳ್ಳೇದೇ ಆಯ್ತು ಬಿಡು. ಅವನೇನಾದ್ರೂ ಖರ್ಚಿಗೆ ಕೊಡ್ತಾನಾ?"

ಆಗ ಅವಳಿಗೆ ತಿಳಿಯಿತು. ಅವಳ ಮುಖದಲ್ಲಿ ಅದು ತಿಳಿದದ್ದನ್ನು ನಾನು ನೋಡಿದೆ. ಮೈಕಿನಿಂದ ಒಂದು ಹೆಜ್ಜೆ ಹಿಂದೆ ಸರಿದಳು. ಇನ್ನೂರು ಕಣ್ಣು ಅವಳನ್ನು ಅಯ್ಯೋ ಪಾಪ ಎಂದು ನೋಡುತ್ತಿದ್ದವು. ನಲ್ಲಿಯ ಹತ್ತಿರ ನೋಡುವ ಹಾಗೆಯೇ.

ನಾನು ಎದ್ದು ನಿಂತೆ. ಇಪ್ಪತ್ತಾರು ವರ್ಷದಲ್ಲಿ ಸಭೆಯಲ್ಲಿ ಎದ್ದು ನಿಂತದ್ದು ಅದೇ ಮೊದಲು.

"ಸಾರ್, ಗಂಡನ್ನಲ್ಲ ಸಾರ್. ಕೋರ್ಸು. ಅವಳು ಬಿಟ್ಟಿದ್ದು ಕೋರ್ಸು."

"ಹೂಂ, ಹೂಂ, ಎಲ್ಲಾ ಬರ್ಕೊಳ್ತಿದ್ದೀವಿ, ಕೂತ್ಕೊಳ್ಳಿ," ಎಂದರು ಸಾಹೇಬರು ನನ್ನ ಕಡೆ ನೋಡದೆ. ಪ್ರಿನ್ಸಿಪಾಲರು ಆಗಲೇ ಚೇತರಿಸಿಕೊಂಡು ಅವರ ಕಿವಿಯಲ್ಲಿ ಏನೋ ಹೇಳಿದ್ದರು. ಸಾಹೇಬರು ಮೈಕು ಹಿಡಿದರು.

"ಇಂಥವರಿಗೆ ಬೇರೆ ಕಾಲಮ್ಮೇ ಇದೆ. ಗಂಡನಿಂದ ದೂರವಾದ ಹೆಣ್ಮಕ್ಕಳು. ಇವರಲ್ಲಿ ಒಬ್ಬರು ಮುಂದುವರಿದ್ರೆ ಇಬ್ಬರು ಮುಂದುವರಿದ ಲೆಕ್ಕ. ನೀವು ಅದನ್ನ ಹಾಕೇ ಇಲ್ವಲ್ಲ ಪ್ರಿನ್ಸಿಪಾಲ್ರೇ? ಇಷ್ಟು ಕಷ್ಟ ಬಂದ್ರೂ ಈ ತಾಯಿ ಸ್ವಂತ ಕಾಲ ಮೇಲೆ ನಿಂತಿದ್ದಾಳೆ. ಎಲ್ರೂ ಚಪ್ಪಾಳೆ ತಟ್ಟಿ!"

ಎಲ್ಲರೂ ತಟ್ಟಿದರು. ಹೊಸ ಬ್ಯಾಚಿನ ಹದಿನೈದು ಜನವೂ ತಟ್ಟಿದರು. ಮೇಷ್ಟ್ರು ಕೈ ಕಟ್ಟಿಕೊಂಡು ನೆಲ ನೋಡುತ್ತಿದ್ದರು. ಕಂಪ್ಯೂಟರಮ್ಮ ಅಲ್ಲೇ ಕೂತು ತಿದ್ದಿದಳು. ಆ ವರ್ಷ ಎಂಟಿದ್ದ ಮುಂದುವರಿದವರು ಒಂಬತ್ತಾದರು.

ಜನ ಚಹಾ ಕುಡಿಯಲು ಹೋದ ಮೇಲೆ ಅವಳು ನನ್ನ ಕಿಟಕಿಗೆ ಬಂದಳು. ಅಳುತ್ತಿರಲಿಲ್ಲ. ಅತ್ತಿದ್ದರೆ ಏನಾದರೂ ಹೇಳಬಹುದಿತ್ತು.

"ಸ್ಟೋರಣ್ಣ, ಅವತ್ತಿನ ಸುತ್ತಿಗೆ ವಾಪಸ್ ಬಂತಲ್ವಾ?"

"ಬಂತು. ಮೇಷ್ಟ್ರು ತಂದ್ಕೊಟ್ರು."

"ಹಾಗಾದ್ರೆ ನನ್ನ ಬಿಲ್ಲೆ ಯಾಕೆ ಮೊಳೇಲಿದೆ? ಸುತ್ತಿಗೆ ಬಂದ್ರೆ ಬಿಲ್ಲೆ ವಾಪಸ್ ಕೊಡ್ಬೇಕಲ್ವಾ?"

ಕೊಡಬೇಕು, ನಿಯಮ ಅದೇ. ಕೋರ್ಸು ಮುಗಿಸಿದವರು, ಬಿಟ್ಟವರು, ಮುಂದುವರಿದವರು ಎಲ್ಲರೂ ಬಿಲ್ಲೆಯನ್ನು ಸ್ಟೋರಿಗೆ ಒಪ್ಪಿಸಿ ಹೋಗಬೇಕು ಎಂಬುದೂ ನಿಯಮವೇ. ನಾನು ಮೊಳೆಯಿಂದ ಬಿಲ್ಲೆ ತೆಗೆದು, ಅಂಗಿಯ ತುದಿಯಿಂದ ಒರೆಸಿ, ಅವಳ ಕೈಗಿಟ್ಟೆ. ಬಿರುಕು ಬಿಟ್ಟ ಆ ಬೆರಳುಗಳು ಮುಚ್ಚಿಕೊಂಡವು.

"ಬರ್ತೀನಿ," ಎಂದಳು.

"ಎಲ್ಲಿಗೆ ಹೋಗ್ತೀಯಮ್ಮ?"

"ಹಳೇ ಕಟ್ಟಡದಲ್ಲಿ ಎರಡನೇ ಪಾಳಿ ಸಿಗುತ್ತಾ ನೋಡ್ತೀನಿ. ಆರು ಮಹಡಿ ಇದೆಯಲ್ಲ, ಯಾವುದಾದ್ರೂ ಗಲೀಜಾಗಿರುತ್ತೆ."

ಮೂಲೆಯ ಟೇಬಲ್ಲಿನ ಮೇಲೆ ಅವಳು ಬೆಸೆದ ಪೈಪು ಇನ್ನೂ ಕಟ್ಟಿದ ಹಾಗೇ ಇತ್ತು. ಅದರ ಕೆಳಗೆ ಚಹಾದ ಖಾಲಿ ಲೋಟಗಳನ್ನು ಇಟ್ಟಿದ್ದರು. ಅವಳು ಅದನ್ನು ದಾಟಿಕೊಂಡೇ ಹೋದಳು, ತಲೆ ಎತ್ತಿ ನೋಡಲಿಲ್ಲ.

ಮೊನ್ನೆ ಈ ಬ್ಯಾಚಿನವರು ಕೋರ್ಸು ಮುಗಿಸಿ ಬಿಲ್ಲೆ ಒಪ್ಪಿಸಿದ ಮೇಲೆ ವರ್ಷದ ಸ್ಟಾಕ್ ಪರಿಶೀಲನೆ ಆಯಿತು. ಇಪ್ಪತ್ತರಲ್ಲಿ ಹತ್ತೊಂಬತ್ತು ಬಿಲ್ಲೆ. ಹದಿನೇಳು ಎಲ್ಲಿ ಎಂದು ಪ್ರಿನ್ಸಿಪಾಲರು ಕೇಳಿದರು.

"ಹೊರಗಿದೆ ಸಾರ್," ಎಂದೆ.

"ಯಾರತ್ರ?"

"ಹದಿನೇಳರ ಹತ್ರ."

ನಮ್ಮ ಪುಸ್ತಕದಲ್ಲಿ ಬಿಲ್ಲೆ ಹೊರಗಿದೆ ಎಂದರೆ ಆ ವಿದ್ಯಾರ್ಥಿ ಇನ್ನೂ ಕಲಿಯುತ್ತಿದ್ದಾರೆ ಎಂದು ಅರ್ಥ. ಅದು ಅವರಿಗೂ ಗೊತ್ತು. "ಕಳೆದುಹೋಗಿದೆ ಅಂತ ಬರೆದು ಸಹಿ ಹಾಕು," ಎಂದು ಪುಸ್ತಕ ನನ್ನ ಮುಂದೆ ತಳ್ಳಿ ಹೋದರು. ದಿನಕ್ಕೊಂದು ಸಲ ಬಂದು ಆಯಿತೇ ಎಂದು ಕೇಳುತ್ತಾರೆ, ರಿಟೈರ್‌ಮೆಂಟಿನ ಮಾತು ತೆಗೆಯುತ್ತಾರೆ.

ಪುಸ್ತಕ ನನ್ನ ಕಟ್ಟೆಯ ಮೇಲೇ ಇದೆ, ಪೆನ್ನೂ ಇದೆ. ನಾನು ಇನ್ನೂ ಬರೆದಿಲ್ಲ. ಒಂದು ಸಲ ಬರೆದು ಸಾಕಾಗಿದೆ.